ಮೂರು ಕೊಠಡಿ, ಒಂದು ಗಾಜಿನ ಮೇಜು

ಹೆಚ್ಚುಕಡಿಮೆ ದಿನಕ್ಕೊಂದರಂತೆ ಆಕಾಶದ ಯಾವುದೋ ಮೂಲೆಯಲ್ಲಿ, ನಮ್ಮ ಸೂರ್ಯ ತನ್ನ ಇಡೀ ಆಯುಷ್ಯದಲ್ಲಿ ವೆಚ್ಚ ಮಾಡುವಷ್ಟು ಶಕ್ತಿಯನ್ನು ಕೆಲವೇ ಸೆಕೆಂಡುಗಳಲ್ಲಿ ಸುರಿದುಬಿಡುವ ಮಿಂಚೊಂದು ಹೊಳೆದು ಆರುತ್ತದೆ. ಗಾಮಾ ಕಿರಣ ಸ್ಫೋಟವೆಂದು ಅದಕ್ಕೆ ಹೆಸರು. ಮಿಂಚು ಆರಿದ ಮೇಲೂ ಅದರ ಉಳಿಬೆಳಕು ಎಕ್ಸ್ ಕಿರಣದಲ್ಲಿ, ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಕೊನೆಗೆ ರೇಡಿಯೋ ಅಲೆಗಳಲ್ಲಿ ದಿನಗಟ್ಟಲೆ, ವಾರಗಟ್ಟಲೆ, ಅಪರೂಪಕ್ಕೆ ವರ್ಷಗಟ್ಟಲೆ ಉಳಿದಿರುತ್ತದೆ. ಒಂದೇ ಸ್ಫೋಟವನ್ನು ಈ ಮೂರೂ ಬೆಳಕುಗಳಲ್ಲಿ ಪಟ್ಟುಹಿಡಿದು ಹಿಂಬಾಲಿಸಬೇಕು, ಒಂದರ ಸಾಕ್ಷ್ಯವನ್ನು ಇನ್ನೆರಡು ಒಪ್ಪುವ ತನಕ ಯಾವುದನ್ನೂ ನಂಬಬಾರದು ಎಂಬ ಶಿಸ್ತನ್ನು ನಮ್ಮ ಕ್ಷೇತ್ರಕ್ಕೆ ಕಲಿಸಿದ ಕೆಲವೇ ಹಿರಿಯರಲ್ಲಿ, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿ ಮೊದಲ ಸಾಲಿನಲ್ಲಿ ನಿಲ್ಲುವವರು.

ಅವರ ಬಗ್ಗೆ ಬರೆಯಲು ಈ ಅಭಿನಂದನ ಗ್ರಂಥದ ಸಂಪಾದಕ ಮಂಡಲಿ ನನ್ನನ್ನು ಆರಿಸಿದ್ದು, ನಾನು ಅವರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ, ಇಂದಿಗೂ ಅವರ ತಂಡದ ರೇಡಿಯೋ ವಿಭಾಗದವನು ಎಂಬ ಕಾರಣಕ್ಕೆ ಮಾತ್ರವಲ್ಲ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂಬುದು ನಮ್ಮ ಸಂಸ್ಥೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಪುಟ ತುಂಬಿಸುವುದಕ್ಕೆ ಇವನೇ ಸರಿ ಎಂದು ಅವರು ಅಂದುಕೊಂಡಿರಬೇಕು. ಆದರೆ ಅವರು ಸರಿಯಾದ ಮನುಷ್ಯನನ್ನು ತಪ್ಪು ಸಮಯದಲ್ಲಿ ಹಿಡಿದಿದ್ದಾರೆ. ಮೇಡಂ ಅವರ ಇಡೀ ಜೀವಮಾನದ ಕೆಲಸ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನು ತೀರ್ಮಾನಿಸುವ ಸಂಗತಿಯೊಂದರ ಮೂರನೇ ಒಂದು ಪಾಲು ಈಗ ನನಗೆ ಗೊತ್ತಿದೆ, ಮತ್ತು ಅದನ್ನು ಹೇಳುವ ಹಕ್ಕು ನನಗಿಲ್ಲ. ಈ ಲೇಖನವನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆಂದು ಓದುಗರು ತಿಳಿಯಬೇಕು.

ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ‘ಸ್ವಲ್ಪ ಇರಿ ಮೇಡಂ’. ಯಾರಾದರೂ ಹೊಸ ಫಲಿತಾಂಶ ಹಿಡಿದು ಓಡಿಬಂದರೆ, ಕುರ್ಚಿ ತೋರಿಸಿ, ಕನ್ನಡಕ ತೆಗೆದು ಒರೆಸುತ್ತ, “ಸ್ವಲ್ಪ ಇರಿ” ಎನ್ನುತ್ತಿದ್ದರು. ಆ ‘ಸ್ವಲ್ಪ’ ಒಮ್ಮೆ ಒಂದು ದಿನ, ಒಮ್ಮೆ ಒಂದು ವರ್ಷ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನನ್ನನ್ನು ಕಂಡೇ ಮಾಡಿದ್ದಾರೆಂದು ಅವರು ನಂಬಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಬೀಳಿಸಿದವನು ನಾನೇ ಎಂದು ಬೇರೆ ಹೇಳಬೇಕಿಲ್ಲ.

ಅವರ ಖ್ಯಾತಿಗೆ ಮೂಲವಾದ ಸಿದ್ಧಾಂತವನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ದೊಡ್ಡ ನಕ್ಷತ್ರವೊಂದು ಆಯುಷ್ಯ ತೀರಿ ಒಳಗೊಳಗೇ ಕುಸಿಯುವಾಗ ಎದುರುಬದುರು ದಿಕ್ಕಿಗೆ ಎರಡು ಧಾರೆಗಳನ್ನು ಚಿಮ್ಮಿಸುತ್ತದೆ. ಒಂದು ನಮ್ಮ ಕಡೆಗೆ, ಇನ್ನೊಂದು ನಮಗೆ ಬೆನ್ನು ಹಾಕಿ. ನಮ್ಮತ್ತ ಬರುವ ಧಾರೆ ಬೆಳಕಿನ ವೇಗದ ಹತ್ತಿರ ಓಡುತ್ತಿರುವಾಗ ಅದರ ನಡುವಿನ ಒಂದು ಚೂರು ಮಾತ್ರ ನಮಗೆ ಕಾಣುತ್ತದೆ. ವೇಗ ಇಳಿದ ಹಾಗೆ ಕಾಣುವ ಭಾಗ ಅಗಲವಾಗುತ್ತ ಹೋಗಿ, ಒಂದು ದಿನ ಧಾರೆಯ ಅಂಚು ಕಾಣಿಸುತ್ತದೆ. ಅಂಚಿನಾಚೆ ತೋರಿಸಲು ಏನೂ ಉಳಿದಿಲ್ಲವಾದ್ದರಿಂದ ಅಂದಿನಿಂದ ಬೆಳಕಿನ ನಡೆಯೇ ಬದಲಾಗುತ್ತದೆ, ಸರಸರನೆ ಇಳಿಯತೊಡಗುತ್ತದೆ. ಇದನ್ನು ಮೇಡಂ ‘ತಿರುವು’ ಎಂದು ಕರೆದರು. ತಿರುವು ಯಾವ ದಿನ ಬಂತೆಂದು ತಿಳಿದರೆ ಧಾರೆಯ ಅಗಲ ತಿಳಿಯುತ್ತದೆ, ಅಗಲ ತಿಳಿದರೆ ಸ್ಫೋಟದ ನಿಜವಾದ ಶಕ್ತಿ ತಿಳಿಯುತ್ತದೆ. ನಮ್ಮತ್ತ ಬರುವ ಧಾರೆ ಒಂದೇ, ಅದರ ಅಂಚೂ ಒಂದೇ, ಆದ್ದರಿಂದ ಮೂರೂ ಬೆಳಕುಗಳಲ್ಲಿ ತಿರುವು ಒಂದೇ ದಿನ ಬರಲೇಬೇಕು. ಬರಲಿಲ್ಲವೆಂದರೆ ನೋಡುವವರು ಬೇಗ ಎದ್ದುಹೋದರು ಎಂದರ್ಥ. ಇದು ಅವರ ವಾದ. ಹದಿನೈದು ವರ್ಷ ಅವರು ಇದನ್ನು ಪಾಠ ಮಾಡಿದರು, ಸಮರ್ಥಿಸಿದರು, ಒಪ್ಪದವರ ಬೆವರನ್ನು ಸಭೆಗಳಲ್ಲಿ ನಿಧಾನವಾಗಿ, ನಗುನಗುತ್ತಲೇ ಇಳಿಸಿದರು.

ಅಷ್ಟು ಪ್ರೀತಿಯ ಸಿದ್ಧಾಂತವನ್ನು ಅವರು ಎಂಥ ಕಟ್ಟುಪಾಡಿನೊಳಗೆ ಇಟ್ಟಿದ್ದರು ಎಂಬುದನ್ನು ಹೊರಗಿನವರು ನಂಬುವುದು ಕಷ್ಟ. ನಮ್ಮ ಮಹಡಿಯಲ್ಲಿ ಮೂರು ಕೊಠಡಿಗಳಿವೆ. ಒಂದರಲ್ಲಿ ಎಕ್ಸ್ ಕಿರಣ, ಒಂದರಲ್ಲಿ ಕಣ್ಣಿಗೆ ಕಾಣುವ ಬೆಳಕು, ಒಂದರಲ್ಲಿ ರೇಡಿಯೋ. ಸ್ಫೋಟವೊಂದನ್ನು ಹಿಂಬಾಲಿಸತೊಡಗಿದ ಗಳಿಗೆಯಿಂದ ಒಂದು ಕೊಠಡಿಯವರು ಇನ್ನೊಂದು ಕೊಠಡಿಯವರಿಗೆ ತಮ್ಮ ಅಂಕಿಗಳನ್ನು ಹೇಳುವಂತಿಲ್ಲ, ಕೇಳುವಂತಿಲ್ಲ, ಸುಳಿವು ಕೊಡುವಂತಿಲ್ಲ. ಮೂವರೂ ತಮ್ಮ ಕೆಲಸ ಮುಗಿಸಿ, ಒಂದೇ ಅಳತೆಯ ಪಾರದರ್ಶಕ ಹಾಳೆಯಲ್ಲಿ ಬೆಳಕಿನ ಏರಿಳಿತದ ಗೆರೆ ಮೂಡಿಸಿ, ಇನ್ನು ತಿದ್ದುವುದಿಲ್ಲವೆಂದು ಸಹಿ ಹಾಕಿದ ಮೇಲೆ, ಕೆಳಗಿನಿಂದ ದೀಪ ಹತ್ತುವ ಗಾಜಿನ ಮೇಜಿನ ಮೇಲೆ ಹಾಳೆಗಳನ್ನು ಒಂದರ ಮೇಲೊಂದು ಇಡುತ್ತೇವೆ. ಅಲ್ಲಿಯ ತನಕ ಮೇಡಂ ಕೂಡ ಯಾವ ಹಾಳೆಯನ್ನೂ ನೋಡುವುದಿಲ್ಲ. ಸಿದ್ಧಾಂತ ಅವರದಾದ್ದರಿಂದ ಅವರು ನೋಡುವುದಂತೂ ಸಾಧ್ಯವೇ ಇಲ್ಲ.

ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಈ ಹಾಳೆ, ಈ ಮೇಜು ಯಾಕೆಂದು ಸೇರಿದ ಹೊಸತರಲ್ಲಿ ನಾನು ಕೇಳಿದ್ದೆ. ಅವರು ತಮ್ಮ ಹಳೆಯ ಕಥೆ ಹೇಳಿದರು. ಅವರಿನ್ನೂ ಹೊಸ ಉದ್ಯೋಗಿಯಾಗಿದ್ದಾಗ ಅವರೂ ಇನ್ನಿಬ್ಬರು ಗೆಳೆಯರೂ ಒಂದೇ ಕೊಠಡಿಯಲ್ಲಿ ಕೂತು ಒಂದು ಸ್ಫೋಟವನ್ನು ಹಿಂಬಾಲಿಸುತ್ತಿದ್ದರಂತೆ. ಎಕ್ಸ್ ಕಿರಣದವನು “ಇಳೀತು!” ಎಂದು ಕೂಗಿದ. ಅದನ್ನು ಕೇಳಿದ ಮೇಲೆ, ಇಳಿಯದೆ ಉಳಿದಿದ್ದ ತಮ್ಮ ಬಿಂದುಗಳ ದಿನ ತೆಳುಮೋಡವಿತ್ತೆಂದು ಮೇಡಂ ಅವರಿಗೆ ನೆನಪಾಯಿತು. ರೇಡಿಯೋದವನಿಗೆ ತನ್ನ ಒಂದು ಆಂಟೆನಾ ಆ ದಿನ ಸರಿಯಿರಲಿಲ್ಲ ಎನ್ನಿಸಿತು. ಇಬ್ಬರೂ ಆ ಬಿಂದುಗಳನ್ನು ಕೈಬಿಟ್ಟರು. ಮೂರು ಗೆರೆಗಳೂ ಮುತ್ತು ಪೋಣಿಸಿದ ಹಾಗೆ ಹೊಂದಿಕೊಂಡವು, ಪ್ರಬಂಧ ಅಚ್ಚಾಯಿತು. ಮರುವರ್ಷ ಬೇರೆಯವರ ಅಳತೆಗಳು ಬಂದಾಗ ಕೈಬಿಟ್ಟ ಬಿಂದುಗಳೇ ಸರಿಯೆಂದು ತಿಳಿದು, ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕಾಯಿತು.

“ಯಾರೂ ಸುಳ್ಳು ಹೇಳ್ಲಿಲ್ಲ ಕಣ್ರಿ,” ಎಂದರು ಮೇಡಂ. “ಮೋಡ ನಿಜವಾಗ್ಲೂ ಇತ್ತು. ಆದ್ರೆ ಬೇರೆ ದಿನಾನೂ ಇತ್ತು, ಆ ದಿನ ಮಾತ್ರ ನೆನಪಾಯ್ತು. ಹೆತ್ತೋರಿಗೆ ಹೆಗ್ಗಣ ಮುದ್ದು. ಅದಕ್ಕೇ ಹೆಗ್ಗಣಾನ ಬೇರೆಯವರ ಕೈಲಿ ತೂಗಿಸ್ಬೇಕು.”

ನನ್ನ ಮದುವೆಯಿಂದ ಈ ಕಟ್ಟುಪಾಡಿಗೆ ದೊಡ್ಡ ಗಂಡಾಂತರ ಬಂತು. ನಾನು ಮದುವೆಯಾದದ್ದು ಎರಡನೇ ಕೊಠಡಿಯ, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ವಿಭಾಗದ ಹುಡುಗಿಯನ್ನು. ಅವಳ ಕಾಯಂ ನೇಮಕಾತಿಯ ಪ್ರಶ್ನೆ ಬಂದಾಗ ಆಗಿನ ನಿರ್ದೇಶಕರು, ಗಂಡ ಹೆಂಡತಿ ಒಂದೇ ತಂಡದಲ್ಲಿದ್ದರೆ ಗುಟ್ಟು ಉಳಿಯುವುದು ಹೇಗೆ, ಇಬ್ಬರಲ್ಲಿ ಒಬ್ಬರು ಬೇರೆ ವಿಭಾಗ ನೋಡಿಕೊಳ್ಳಲಿ ಎಂದು ಪಟ್ಟುಹಿಡಿದರು. ‘ಒಬ್ಬರು’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮೇಡಂ ಆ ಸಭೆಯಲ್ಲಿ ಹೇಳಿದ ಮಾತು ನಮ್ಮ ಸಂಸ್ಥೆಯಲ್ಲಿ ಈಗ ಗಾದೆಯಾಗಿದೆ: “ಗಂಡ ಹೆಂಡ್ತಿ ಮಧ್ಯೆ ಉಳಿಯೋಷ್ಟು ಗುಟ್ಟು ಬೇರೆಲ್ಲೂ ಉಳಿಯೋದಿಲ್ಲ ಸರ್.” ಸಭೆ ನಕ್ಕಿತು, ಅವಳ ನೇಮಕಾತಿಯ ಆದೇಶ ಹೊರಬಿತ್ತು. ಹೆರಿಗೆಯ ನಂತರ ಅವಳು ಕೆಲಸಕ್ಕೆ ಮರಳಿದಾಗ ಮೇಡಂ ತಮ್ಮ ದೊಡ್ಡ ಕೊಠಡಿಯನ್ನು ಅವಳಿಗೂ ತೊಟ್ಟಿಲಿಗೂ ಬಿಟ್ಟುಕೊಟ್ಟು, ತಾವು ಒಂದು ವರ್ಷ ಗ್ರಂಥಾಲಯದ ಕಿಟಕಿಯ ಪಕ್ಕ ಕೂತು ಕೆಲಸ ಮಾಡಿದರು. ನನ್ನ ತಂದೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನನ್ನ ಪಾಳಿಯನ್ನು ತಾವೇ ಹೊತ್ತುಕೊಂಡು, “ಇಲ್ಲಿ ಎಲ್ಲ ಸರಿಯಿದೆ, ನೀವು ಅಪ್ಪನ ಹತ್ರ ಇರಿ” ಎಂದು ಮಾತ್ರ ಹೇಳಿ ಫೋನ್ ಇಡುತ್ತಿದ್ದರು. ಈ ಎರಡನ್ನೂ ನಾವು ಮರೆತಿಲ್ಲ.

ಇನ್ನು ಆ ದೊಡ್ಡ ಸ್ಫೋಟದ ವಿಚಾರ. ಮಧ್ಯಾಹ್ನದ ಊಟಕ್ಕೆ ಡಬ್ಬಿ ಬಿಚ್ಚುತ್ತಿದ್ದಾಗ ಉಪಗ್ರಹದಿಂದ ಸೂಚನೆ ಬಂತು. ಅಂಥ ಪ್ರಖರವಾದ, ಅಷ್ಟು ಹತ್ತಿರದ ಸ್ಫೋಟ ಒಬ್ಬ ವಿಜ್ಞಾನಿಯ ವೃತ್ತಿಜೀವನದಲ್ಲಿ ಒಂದು ಸಲ ಸಿಕ್ಕರೆ ಪುಣ್ಯ. ತಿಂಗಳುಗಟ್ಟಲೆ ಮೂರೂ ಬೆಳಕುಗಳಲ್ಲಿ ಹಿಂಬಾಲಿಸಬಹುದಾದ ಈ ಸ್ಫೋಟದಲ್ಲಿ ಯಾರೂ ಬೇಗ ಎದ್ದುಹೋಗುವ ಪ್ರಶ್ನೆಯಿರಲಿಲ್ಲ. ಅಂದರೆ ಮೇಡಂ ಅವರ ಸಿದ್ಧಾಂತಕ್ಕೆ ತಪ್ಪಿಸಿಕೊಳ್ಳಲು ಸಂದು ಉಳಿದಿರಲಿಲ್ಲ. ಡಬ್ಬಿಗಳನ್ನು ಹಾಗೇ ಬಿಟ್ಟು ನಾನು, ನನ್ನಾಕೆ, ಎಕ್ಸ್ ಕಿರಣದ ಸಹೋದ್ಯೋಗಿ, ಮೂವರೂ ನಮ್ಮ ನಮ್ಮ ಕೊಠಡಿ ಹೊಕ್ಕೆವು. ಬಾಗಿಲು ಮುಚ್ಚುವ ಮೊದಲು ಮೇಡಂ ಹೊರಗೆ ನಿಂತು, “ಇವತ್ತಿಂದ ನನ್ನ ಹತ್ರ ಹವಾಮಾನ, ಆರೋಗ್ಯ, ಎರಡೇ ಮಾತಾಡಿ,” ಎಂದರು.

ಮೊದಲ ಎರಡು ವಾರ ರೇಡಿಯೋದಲ್ಲಿ ಎಲ್ಲವೂ ಸಹಜವಾಗಿತ್ತು. ರೇಡಿಯೋ ಬೆಳಕು ನಿಧಾನವಾಗಿ ಏರುತ್ತದೆ. ಮೇಡಂ ಅವರ ಲೆಕ್ಕ ಸರಿಯಿದ್ದರೆ ತಿರುವಿನ ದಿನ ಏರುವುದನ್ನು ಬಿಟ್ಟು ಇಳಿಯತೊಡಗಬೇಕು. ನಾನು ಪ್ರತಿದಿನ ಆ ಇಳಿತಕ್ಕೆ ಕಾದೆ. ಅದು ಏರಿತು. ಮೂರನೇ ವಾರವೂ ಏರಿತು. ಸಿದ್ಧಾಂತದ ಪ್ರಕಾರ ತಿರುವು ಬರಬಹುದಾದ ಕೊನೆಯ ಗಡುವೂ ದಾಟಿತು. ಆಂಟೆನಾಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಅಳತೆಗೆ ಆಧಾರವಾಗಿ ನೋಡುವ ಸ್ಥಿರವಾದ ರೇಡಿಯೋ ಆಕರವನ್ನು ಬದಲಾಯಿಸಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಇಷ್ಟೊಂದು ಸರಿಯಾಗಿರುವ ಉಪಕರಣದ ಮೇಲೆ ನನಗೆ ಅಷ್ಟೊಂದು ಕೋಪ ಹಿಂದೆಂದೂ ಬಂದಿರಲಿಲ್ಲ.

ಮನೆಯಲ್ಲಿ ನಮ್ಮ ಪಾಡು ಹೇಳತೀರದು. ನನ್ನಾಕೆಯ ಮುಖದಲ್ಲಿ ಏನೋ ಕಳೆ ಇತ್ತು. ಅವಳ ಕೊಠಡಿಯಲ್ಲಿ ತಿರುವು ಬಂದಿದೆಯೇ, ಬಂದ ಸಂತೋಷವೇ ಅದು, ಅಥವಾ ನನ್ನ ಹಾಗೆ ಅವಳೂ ನಟಿಸುತ್ತಿದ್ದಾಳೆಯೇ ಎಂದು ನಾನು ಓದಲು ಹೊರಟರೆ ಅವಳು ತಟ್ಟೆಯತ್ತ ತಿರುಗುತ್ತಿದ್ದಳು. ನಾನಂತೂ ಅವಳಿಗೆ ಮುಖ ಕಾಣಿಸದಿರಲೆಂದು ಊಟಕ್ಕೆ ಕೂತಲ್ಲಿ ಪತ್ರಿಕೆ ಅಡ್ಡ ಹಿಡಿಯುತ್ತಿದ್ದೆ. ಬಾಯಲ್ಲಿ ಬಿಸಿತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಮ್ಮ ಜೊತೆಗಿದ್ದ ಅತ್ತೆಯವರಿಗೆ ಇದನ್ನು ಸಹಿಸಲಾಗಲಿಲ್ಲ.

“ಏನಾಗಿದೆಯೇ ನಿಮ್ಮಿಬ್ಬರಿಗೆ? ಮಾತು ಬಿಟ್ಟಿದ್ದೀರಾ?” ಎಂದು ಮಗಳನ್ನು ಕೇಳಿದರು.

“ಇಲ್ಲಮ್ಮ, ಸ್ಫೋಟ ಆಗಿದೆ.”

“ಅದು ಕಾಣ್ತಾನೇ ಇದೆ.”

ಮರುದಿನ ಅತ್ತೆ ನೇರವಾಗಿ ಮೇಡಂಗೆ ಫೋನ್ ಮಾಡಿ, ನಿಮ್ಮ ಆಫೀಸಿನಿಂದ ನನ್ನ ಮಗಳ ಸಂಸಾರ ಹಾಳಾಗುತ್ತಿದೆ ಎಂದು ದೂರಿದರು. ಸಂಜೆಗೆ ಮೇಡಂ ಹಣ್ಣಿನ ಚೀಲ ಹಿಡಿದು ಮನೆಗೇ ಬಂದರು. ಅತ್ತೆಯ ಪಕ್ಕದಲ್ಲಿ ಕೂತು, ಮೂರು ಕೊಠಡಿಗಳ ವಿಚಾರವನ್ನು ತಾಳ್ಮೆಯಿಂದ ವಿವರಿಸಿ, ನಮ್ಮಿಬ್ಬರ ಕಡೆ ತಿರುಗಿ, “ಕೆಲಸದ ಮಾತು ಬಿಟ್ಟು ಬೇರೆ ಎಲ್ಲಾ ಮಾತಾಡಿ. ಇದು ನನ್ನ ಆಜ್ಞೆ,” ಎಂದರು.

“ಕೆಲಸ ಬಿಟ್ರೆ ಇವರಿಗೆ ಬೇರೆ ಮಾತೇ ಬರೋದಿಲ್ಲ ಮೇಡಂ, ಅದೇ ಗೋಳು,” ಎಂದರು ಅತ್ತೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಡಂ ಆ ದಿನ ಬಹಳ ಗೆಲುವಾಗಿದ್ದರು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಲೋಟ ಚಹಾ ಕುಡಿದರು. ಅವರ ಹದಿನೈದು ವರ್ಷಗಳನ್ನು ಮುರಿಯುವ ಗೆರೆ ನನ್ನ ಕೊಠಡಿಯಲ್ಲಿ ದಿನದಿನವೂ ಉದ್ದವಾಗುತ್ತಿದೆ, ಅವರು ಅದನ್ನರಿಯದೆ ನನ್ನ ಸಂಸಾರ ಸರಿಪಡಿಸಲು ಬಂದು ಕೂತಿದ್ದಾರೆ. ಆ ಸಂಜೆ ನಾನು ಅವರ ಮುಖ ನೋಡಲಾರದೆ ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಅಷ್ಟರಲ್ಲಿ ಇನ್ನೊಂದು ಸಂಕಟ ಬಂತು. ಹೊರದೇಶದ ಒಂದು ತಂಡ ಇದೇ ಸ್ಫೋಟದ ಬಗ್ಗೆ ಪ್ರಕಟಣೆ ಹೊರಡಿಸಿತು: ಎಕ್ಸ್ ಕಿರಣದಲ್ಲೂ ಕಣ್ಣಿಗೆ ಕಾಣುವ ಬೆಳಕಿನಲ್ಲೂ ತಿರುವು ಒಂದೇ ದಿನ ಬಂದಿದೆ, ಏಕಕಾಲದ ತಿರುವಿನ ಸಿದ್ಧಾಂತ ಗೆದ್ದಿದೆ ಎಂದು. ಅವರ ಬಳಿ ರೇಡಿಯೋ ಅಳತೆ ಇರಲಿಲ್ಲ. ಇಡೀ ಜಗತ್ತಿನಲ್ಲಿ ಆ ಸ್ಫೋಟದ ಪೂರ್ತಿ ರೇಡಿಯೋ ಅಳತೆ ಇದ್ದದ್ದು ನಮ್ಮಲ್ಲಿ ಮಾತ್ರ. ಬೆಳಗಾಗುವಷ್ಟರಲ್ಲಿ ಅಭಿನಂದನೆಗಳ ಮಳೆ. ನಿರ್ದೇಶಕರು ಹೂಗುಚ್ಛ ಹಿಡಿದು ನಮ್ಮ ಮಹಡಿಗೆ ಬಂದರು. ಪತ್ರಕರ್ತರನ್ನು ಅದೇ ಮಧ್ಯಾಹ್ನಕ್ಕೆ ಕರೆಸಿಯಾಗಿತ್ತು. ಮೇಡಂ ಇನ್ನೂ ಬಂದಿರಲಿಲ್ಲ. ನಡುಮನೆಯಷ್ಟು ಅಗಲದ ಆ ಕಾರಿಡಾರಿನಲ್ಲಿ ನಿರ್ದೇಶಕರಿಗೆ ಎದುರಾಗಿ ಸಿಕ್ಕಿದವನು ನಾನು.

“ಎರಡು ಹೊಂದಿಕೊಂಡಿವೆ. ಮೂರನೇದು ನಿಮ್ಮದು. ಹೇಗಿದೆ?” ಎಂದರು.

ನಾನು ಗೋಡೆ ನೋಡಿದೆ.

“ಬಾಯಿ ಬಿಡೋದೇನೂ ಬೇಡಪ್ಪ. ತಲೆ ಆಡಿಸಿದ್ರೆ ಸಾಕು.”

ಮೇಲೆ ಕೆಳಗೆ ಆಡಿಸಿದರೆ ಸುಳ್ಳು, ಅಡ್ಡಡ್ಡ ಆಡಿಸಿದರೆ ದ್ರೋಹ. ಕುತ್ತಿಗೆ ಮರಗಟ್ಟಿದವನಂತೆ ನಿಂತೆ. ಎರಡನೇ ಕೊಠಡಿಯ ಬಾಗಿಲಲ್ಲಿ ನನ್ನಾಕೆ, ಮೂಲೆಯ ಕೊಠಡಿಯ ಬಾಗಿಲಲ್ಲಿ ಎಕ್ಸ್ ಕಿರಣ ವಿಭಾಗದ ಹಿರಿಯ ಸಹೋದ್ಯೋಗಿ, ಇಬ್ಬರ ಕಣ್ಣೂ ನನ್ನ ಮೇಲೆ. ಅವರಿಬ್ಬರಿಗೂ ತಮ್ಮ ಗೆರೆ ಗೊತ್ತು, ಈಗ ಪ್ರಕಟಣೆಯಿಂದ ಪರಸ್ಪರರದೂ ಗೊತ್ತು. ಗೊತ್ತಿಲ್ಲದೆ ಉಳಿದದ್ದು ನನ್ನದೊಂದೇ. ಆಗ ಮೆಟ್ಟಿಲ ಮೇಲೆ ಮೇಡಂ ಅವರ ಚಪ್ಪಲಿಯ ಸದ್ದು ಕೇಳಿತು. ಬಂದವರು ಹೂಗುಚ್ಛವನ್ನು ನೋಡಿದರು, ನಿರ್ದೇಶಕರನ್ನು ನೋಡಿದರು, ಆಮೇಲೆ ನನ್ನನ್ನು. ಒಂದು ಕ್ಷಣ, ಅಷ್ಟೇ. ತಕ್ಷಣ ಅವರೇ ಮುಖ ಆಚೆ ತಿರುಗಿಸಿದರು.

“ಸ್ವಲ್ಪ ಇರಿ ಸರ್,” ಎಂದರು ನಿರ್ದೇಶಕರಿಗೆ. “ಅವರ ಕೆಲಸ ಇನ್ನೂ ಮುಗಿದಿಲ್ಲ.”

“ಮೇಡಂ, ಲೋಕವೇ ನಿಮ್ಮನ್ನ ಸರಿ ಅಂತಿದೆ. ನೀವೊಬ್ಬರೇ ಸ್ವಲ್ಪ ಇರಿ ಅಂತೀರಲ್ಲ!”

“ಲೋಕ ಎರಡು ಹಾಳೆ ನೋಡಿದೆ ಸರ್. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇದಿನ್ನೂ ಪ್ರತ್ಯಕ್ಷನೂ ಆಗಿಲ್ಲ.”

ಪತ್ರಕರ್ತರನ್ನು ವಾಪಸು ಕಳಿಸಲಾಯಿತು. ನಿರ್ದೇಶಕರು ಹೂಗುಚ್ಛವನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಹೋದರು. ಅವರು ಇಳಿದುಹೋದ ಮೇಲೆ ಮೇಡಂ ನನ್ನ ಕಡೆ ನೋಡದೆಯೇ, “ನಿಮ್ಮ ಬಾಯಿಗಿಂತ ನಿಮ್ಮ ಮುಖ ಜಾಸ್ತಿ ಮಾತಾಡುತ್ತೆ. ಮೇಜಿನ ದಿನದವರೆಗೂ ನನ್ನ ಕಣ್ಣಿಗೆ ಬೀಳಬೇಡಿ,” ಎಂದರು. ಅಂದಿನಿಂದ ನಾನು ಹಿಂದಿನ ಮೆಟ್ಟಿಲಿನಿಂದ ಹತ್ತಿಳಿದೆ. ಅವರು ಆ ಕ್ಷಣದಲ್ಲಿ ನನ್ನ ಮುಖದಲ್ಲಿ ಎಷ್ಟು ಓದಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಿಲ್ಲ.

ಮೇಜಿನ ದಿನ ಬಂತು. ಬೆಳಗಿನ ಬಿಸಿಲು ಬೀಳದಂತೆ ಪರದೆ ಎಳೆದು, ಗಾಜಿನ ಕೆಳಗಿನ ದೀಪ ಹೊತ್ತಿಸಿದರು. ಮೊದಲು ಎಕ್ಸ್ ಕಿರಣದ ಹಾಳೆ. ಒಂದೇ ಸಮನೆ ಇಳಿಯುತ್ತಿದ್ದ ಗೆರೆ ಒಂದು ಕಡೆ ಮುರಿದು ಕಡಿದಾಗಿ ಇಳಿದಿತ್ತು. ಅದರ ಮೇಲೆ ನನ್ನಾಕೆಯ ಹಾಳೆ. ಅದೇ ದಿನ, ಅದೇ ಮುರಿತ, ಒಂದರ ಮೇಲೊಂದು ಕೂತು ಒಂದೇ ಗೆರೆಯಾಯಿತು. ಯಾರೋ ಚಪ್ಪಾಳೆಗೆ ಕೈ ಎತ್ತಿದರು. ನಿರ್ದೇಶಕರು ಮುಗುಳ್ನಕ್ಕರು. ನನ್ನ ಹಾಳೆ ಇನ್ನೂ ನನ್ನ ಕೈಯಲ್ಲಿತ್ತು, ಅದನ್ನು ಮಗುಚಿ ಎದೆಗೊತ್ತಿ ಹಿಡಿದಿದ್ದೆ. ನನ್ನಾಕೆ ನನ್ನ ಕೈ ನೋಡಿದಳು, ಅವಳ ಮುಖ ಬಾಡಿತು. ಅವಳಿಗೆ ಆಗಲೇ ಅರ್ಥವಾಗಿತ್ತು.

ಹಾಳೆ ಇಟ್ಟೆ. ಎರಡು ಗೆರೆಗಳು ತಿರುಗಿದ ದಿನ ನನ್ನ ಗೆರೆ ತಿರುಗದೆ, ತನಗೇನೂ ಸಂಬಂಧವಿಲ್ಲವೆಂಬಂತೆ ವಾರಗಟ್ಟಲೆ ಏರಿ, ಎಷ್ಟೋ ತಡವಾಗಿ ಬಾಗಿತ್ತು.

ಮೊದಲು ಮಾತಾಡಿದವರು ನಿರ್ದೇಶಕರು, ಮತ್ತು ಅವರು ಕೆಟ್ಟ ಮನಸ್ಸಿನಿಂದ ಮಾತಾಡಲಿಲ್ಲ. “ಆಂಟೆನಾದ್ದೇ ಏನಾದ್ರೂ ದೋಷ ಇರಬಹುದಲ್ಲ? ರೇಡಿಯೋದ್ದು ಇನ್ನೊಂದ್ಸಲ ನೋಡಿಸೋಣ,” ಎಂದರು.

ಅದೊಂದು ಬಾಗಿಲು. ಮೇಡಂ ಅದರಲ್ಲಿ ನಡೆದುಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ; ಮೂರು ತಿಂಗಳು ಮರುಪರೀಕ್ಷೆಯ ಹೆಸರಿನಲ್ಲಿ ಕಳೆಯಬಹುದಿತ್ತು, ಅಷ್ಟರಲ್ಲಿ ಅವರ ಗೆಲುವು ಜಗತ್ತಿನ ಬಾಯಲ್ಲಿ ಗಟ್ಟಿಯಾಗುತ್ತಿತ್ತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

“ನೋಡಿಸೋಣ ಸರ್. ಆದ್ರೆ ನೋಡಿಸೋದಾದ್ರೆ ಮೂರನ್ನೂ ನೋಡಿಸೋಣ. ಇಷ್ಟ ಇಲ್ಲದ್ದರಲ್ಲಿ ಮಾತ್ರ ತಪ್ಪು ಹುಡುಕೋದು ಬೇಡ.”

ಹಾಗೇ ಆಯಿತು. ಮೂವರೂ ಕೊಠಡಿಗಳನ್ನು ಅದಲುಬದಲು ಮಾಡಿಕೊಂಡು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಮೊದಲಿನಿಂದ ಮಾಡಿದೆವು. ನನ್ನ ಗೆರೆಯನ್ನು ಪರೀಕ್ಷಿಸಿದವಳು ನನ್ನಾಕೆ. ನನ್ನನ್ನು ಉಳಿಸುವುದಕ್ಕಲ್ಲ, ಮೇಡಂ ಅವರನ್ನು ಉಳಿಸುವುದಕ್ಕೆಂದೇ ಅವಳು ಅದರಲ್ಲಿ ತಪ್ಪು ಹುಡುಕಿದಳು. ಸಿಗಲಿಲ್ಲ. ಮೂರು ಗೆರೆಗಳೂ ಇದ್ದಲ್ಲೇ ನಿಂತವು. ಅಂದು ಮೇಡಂ ನಮಗೆಲ್ಲ ಚಹಾ ತರಿಸಿ, ತಮ್ಮ ಸಿದ್ಧಾಂತ ತಪ್ಪೆಂದು ಹೇಳುವ ಪ್ರಬಂಧದ ಮೊದಲ ವಾಕ್ಯವನ್ನು ಕರಿಹಲಗೆಯ ಮೇಲೆ ತಾವೇ ಬರೆದರು. ನಾನು ಅತ್ತುಬಿಟ್ಟೆ. ಗಂಡಸರು ಕಚೇರಿಯಲ್ಲಿ ಅಳಬಾರದೆಂದು ಯಾವ ನಿಯಮದಲ್ಲಿದೆಯೋ ನನಗೆ ಗೊತ್ತಿಲ್ಲ, ನಾನು ಎಲ್ಲರ ಮುಂದೆ ಅತ್ತೆ. “ಹೆಗ್ಗಣ ನನ್ನದು, ಅಳೋದು ನೀವಾ?” ಎಂದರು ಮೇಡಂ.

ಲೋಕ ಅವರನ್ನು ಹೊಗಳುತ್ತಿದ್ದ ಹೊತ್ತಿನಲ್ಲಿ ಅವರು ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳಿದರು. ಅದರ ಬೆಲೆಯನ್ನೂ ತೆತ್ತರು. ಮರುವರ್ಷದ ಸಮ್ಮೇಳನದಲ್ಲಿ ಮುಖ್ಯ ಭಾಷಣ ಬೇರೆಯವರಿಗೆ ಹೋಯಿತು. ನಿನ್ನೆ ಮೊನ್ನೆಯವರು ಅವರಿಗೆ ಪಾಠ ಹೇಳಲು ಬಂದರು. ಅವರು ಅದನ್ನೂ ಕುರ್ಚಿ ಎಳೆದುಕೊಂಡು ಕೂತು ಕೇಳಿಸಿಕೊಂಡರು. ಎರಡು ವರ್ಷದ ಮೇಲೆ, ತಮ್ಮ ಸಿದ್ಧಾಂತವನ್ನು ಮುರಿದ ಅದೇ ಮೂರು ಗೆರೆಗಳಿಂದ ಹೊಸ ಮಾತೊಂದನ್ನು ಕಟ್ಟಿದರು: ನಮ್ಮತ್ತ ಬಂದದ್ದು ಒಂದೇ ಧಾರೆಯಲ್ಲ, ಕಿರಿದಾದ ವೇಗದ ಒಳಧಾರೆ, ಅದನ್ನು ಸುತ್ತಿಕೊಂಡ ಅಗಲವಾದ ನಿಧಾನದ ಹೊರಧಾರೆ. ಬೇಗ ತಿರುಗಿದ್ದು ಒಳಗಿನದು, ತಡವಾಗಿ ಬಾಗಿದ್ದು ಹೊರಗಿನದು. ಕೇಳಿದವರು ಇದು ಸೋತವರು ಹುಡುಕಿಕೊಂಡ ನೆಪವೆಂದರು. ಆಗ ಮೇಡಂ ತಮ್ಮ ಮಾತಿಗೆ ತಾವೇ ಒಂದು ಪರೀಕ್ಷೆ ಒಡ್ಡಿದರು. ನಮಗೆ ಬೆನ್ನು ಹಾಕಿ ಹೋದ ಇನ್ನೊಂದು ಧಾರೆಗೂ ಅಂಥದೇ ಹೊರಪದರ ಇರಲೇಬೇಕು; ಅದರ ಬೆಳಕು ದೂರ ಹೆಚ್ಚಾದ್ದರಿಂದ ವರ್ಷಗಳ ನಂತರ ನಮ್ಮನ್ನು ತಲುಪಬೇಕು, ಆರಿಹೋಗುತ್ತಿರುವ ರೇಡಿಯೋ ಗೆರೆ ಆಗ ಒಮ್ಮೆ ತಲೆ ಎತ್ತಬೇಕು. ಎತ್ತಿದರೆ ತಾವು ಸರಿ, ಎತ್ತದಿದ್ದರೆ ಇದೂ ಹೋಯಿತು. ಆ ವರ್ಷವನ್ನೂ ಲೆಕ್ಕ ಹಾಕಿ ಅಚ್ಚು ಮಾಡಿಸಿದರು.

ಆ ವರ್ಷ ಇದು.

ರೇಡಿಯೋ ಅಳತೆ ಮುಗಿದಿದೆ. ಸಿಗುವ ಬೆಳಕು ಸ್ಫೋಟದ್ದೋ ಅಥವಾ ಸ್ಫೋಟ ಸಂಭವಿಸಿದ ಗ್ಯಾಲಕ್ಸಿಯದ್ದೋ ಎಂದು ಬೇರ್ಪಡಿಸುವ ನನ್ನಾಕೆಯ ಅಳತೆಯೂ ಮುಗಿದಿದೆ. ಎಕ್ಸ್ ಕಿರಣದ್ದು ಮಾತ್ರ ಬಾಕಿ. ಉಪಗ್ರಹದ ಸರದಿ ಒಮ್ಮೆ ತಪ್ಪಿಹೋಗಿ, ಅಷ್ಟರಲ್ಲಿ ಆ ದಿಕ್ಕಿಗೆ ಸೂರ್ಯ ಅಡ್ಡ ಬಂದ. ಅವನು ಸರಿದು ಉಪಗ್ರಹ ಮತ್ತೆ ಅತ್ತ ನೋಡುವಷ್ಟರಲ್ಲಿ ಮೇಡಂ ನಿವೃತ್ತರಾಗಿರುತ್ತಾರೆ. ಈಗಿನ ನಿರ್ದೇಶಕರು ಸದುದ್ದೇಶದಿಂದಲೇ ಒಂದು ಸಲಹೆ ಮಾಡಿದರು: ಈ ಗ್ರಂಥ ಬಿಡುಗಡೆಯಾಗುವ ಸಭೆಯಲ್ಲೇ, ವೇದಿಕೆಯ ಮೇಲೆ, ಇರುವ ಎರಡು ಹಾಳೆಗಳನ್ನು ತೆರೆದುಬಿಡೋಣ. ಒಬ್ಬ ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು?

“ನಿವೃತ್ತಿ ಆಗ್ತಿರೋದು ನಾನು. ಆ ನಕ್ಷತ್ರಕ್ಕೇನು ಗೊತ್ತು?” ಎಂದರು ಮೇಡಂ. “ಸ್ವಲ್ಪ ಇರಿ.”

ಹಾಗಾಗಿ ನನ್ನ ಹಾಳೆ ನನ್ನ ಕೊಠಡಿಯಲ್ಲಿದೆ, ನನ್ನಾಕೆಯದು ಅವಳ ಕೊಠಡಿಯಲ್ಲಿ. ಮನೆಯಲ್ಲಿ ಮತ್ತೆ ಪತ್ರಿಕೆ ಅಡ್ಡ ಬಂದಿದೆ.

“ಮತ್ತೆ ಸ್ಫೋಟವಾ ಅಳಿಯಂದ್ರೇ?” ಎಂದು ಅತ್ತೆ ಕೇಳುತ್ತಾರೆ.

“ಹಳೇದೇ ಅತ್ತೆ.”

“ಹಳೇದು ಇನ್ನೂ ಮುಗಿದಿಲ್ವಾ!”

ಈ ಲೇಖನದ ಕರಡನ್ನು ನನ್ನಾಕೆ ಓದಿ, ಎರಡು ಕಡೆ ವಿಶೇಷಣಗಳನ್ನು ಹೊಡೆದುಹಾಕಿದಳು. ಒಂದು ತೀರಾ ಉತ್ಸಾಹದ್ದಾಗಿತ್ತಂತೆ, ಇನ್ನೊಂದು ತೀರಾ ಸಪ್ಪೆ. ಓದಿದವರು ಏನಾದರೂ ಊಹಿಸಿಬಿಟ್ಟಾರು ಎಂದಳು. ಯಾವುದು ನನ್ನ ಹಾಳೆಯಿಂದ ಬಂದದ್ದು, ಯಾವುದು ಅದನ್ನು ಮುಚ್ಚಿಡಲು ಬಂದದ್ದು ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇಡಂ, ನಿಮಗೆ ದೀರ್ಘಾಯುಷ್ಯ ಕೋರುವುದು ಇಂಥ ಲೇಖನದ ಕೊನೆಯ ಕರ್ತವ್ಯ. ನಾನು ಅದನ್ನು ಸ್ವಾರ್ಥದಿಂದ ಕೋರುತ್ತೇನೆ. ಸೂರ್ಯ ಸರಿದ ಮೇಲೆ ಒಂದು ಬೆಳಗ್ಗೆ ಪರದೆ ಎಳೆದು ದೀಪ ಹೊತ್ತಿಸುತ್ತೇವೆ. ಅಂದು ಮೇಜಿನ ಆ ಬದಿಗೆ, ನೀವು ಯಾವತ್ತೂ ನಿಲ್ಲುತ್ತಿದ್ದ ಜಾಗದಲ್ಲಿ ನೀವು ನಿಂತಿರಬೇಕು. ಗೆರೆ ತಲೆ ಎತ್ತಿರಲಿ, ಎತ್ತದೆ ಇರಲಿ. ಆಮೇಲಿನ ಪ್ರಬಂಧದ ಮೊದಲ ವಾಕ್ಯವನ್ನೂ ನೀವೇ ಬರೆಯಬೇಕು, ಅದಾದ ಮೇಲಿನ ಪ್ರಬಂಧದ್ದನ್ನೂ. ನಿಮ್ಮ ಕೈಗೆ, ಕಣ್ಣಿಗೆ, ಆ ಕನ್ನಡಕ ಒರೆಸುವ ಸೆರಗಿಗೆ ಇನ್ನೂ ಬಹಳ ಕಾಲ ಕೆಲಸವಿರಲಿ.

ಅಲ್ಲಿಯ ತನಕ ಒಂದು ಕೋರಿಕೆ. ಸನ್ಮಾನದ ದಿನ ಹಾರ ಹಾಕುವವರ ಸಾಲಿನಲ್ಲಿ ನಾನು ಕಾಣದಿದ್ದರೆ ಅಗೌರವವೆಂದು ತಿಳಿಯಬೇಡಿ. ಸಭಾಂಗಣದ ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ನನಗೊಂದು ಕುರ್ಚಿ ಹಾಕಿಸಿಕೊಂಡಿದ್ದೇನೆ. ಚಪ್ಪಾಳೆ ಅಲ್ಲಿಂದಲೇ ತಟ್ಟುತ್ತೇನೆ. ದಯವಿಟ್ಟು ನೀವು ಆ ಕಡೆ ನೋಡಬೇಡಿ. ನನ್ನ ಮುಖಕ್ಕೆ ಇನ್ನೂ ಸುಮ್ಮನಿರುವುದನ್ನು ಕಲಿಸಲು ಆಗಿಲ್ಲ.